ಪೆನ್ಸಿಲ್ ಚಿತ್ರ ಮುಗಿಯುವ ಹೊತ್ತಿಗೇ ಕೆಡುವುದು ಯಾಕೆ?

ಪ್ರಶ್ನೆ: ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತು ಪೆನ್ಸಿಲ್ ಚಿತ್ರ ಬಿಡಿಸುತ್ತೇನೆ. ಯಾರ ಬಳಿಯೂ ಕಲಿತಿಲ್ಲ, ವಿಡಿಯೋ ನೋಡಿ ಕಲಿತದ್ದು. ಈಗ ನಮ್ಮ ತಾತನ ಹಳೆಯ ಫೋಟೋ ಇಟ್ಟುಕೊಂಡು ಎ3 ಹಾಳೆಯಲ್ಲಿ ಅವರ ಮುಖ ಬಿಡಿಸುತ್ತಿದ್ದೇನೆ. ಕಣ್ಣು, ಮೂಗು, ಕನ್ನಡಕ ಎಲ್ಲ ಚೆನ್ನಾಗಿ ಬಂತು. ನೋಡಿದವರೆಲ್ಲ ಇವರು ತಾತನೇ ಅಂದರು. ಆಮೇಲೆ ಕೆನ್ನೆ ನುಣುಪಾಗಲಿ ಅಂತ ಬೆರಳಿನಿಂದ, ಟಿಶ್ಯೂನಿಂದ ಉಜ್ಜಿದೆ. ಈಗ ಇಡೀ ಮುಖ ಒಂದೇ ಬೂದು ಬಣ್ಣಕ್ಕೆ ತಿರುಗಿದೆ. ಕಪ್ಪು ಕೋಟನ್ನು 8ಬಿ ಪೆನ್ಸಿಲ್‌ನಲ್ಲಿ ಒತ್ತಿ ಒತ್ತಿ ತುಂಬಿದೆ, ಅದು ಕಪ್ಪಾಗುವ ಬದಲು ಪಳಪಳ ಹೊಳೆಯುತ್ತಿದೆ. ಬಿಳಿ ಹಿನ್ನೆಲೆಯಲ್ಲಿ ಕೈ ತಾಗಿ ಕಲೆಗಳಾಗಿವೆ. ಹೇರ್ ಸ್ಪ್ರೇ ಹೊಡೆದರೆ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು, ಹೊಸದಾಗಿ ಶುರು ಮಾಡು ಅಂತ ಇನ್ನೊಬ್ಬರು. ನನ್ನ ಹತ್ತಿರ ಹೀಗೆ ಅರ್ಧಕ್ಕೆ ನಿಂತ ಚಿತ್ರಗಳು ಒಂದು ಫೈಲ್ ತುಂಬ ಇವೆ. ಇದನ್ನೂ ಅಲ್ಲಿಗೇ ಸೇರಿಸಬೇಕಾ? ಮುಗಿಸುವುದಾದರೆ ಹೇಗೆ? ಮುಗಿಯಿತು ಅಂತ ಗೊತ್ತಾಗುವುದಾದರೂ ಹೇಗೆ? ಚಿತ್ರದ ಮತ್ತು ಮೂಲ ಫೋಟೋದ ಪ್ರತಿ ಕಳಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ತಲೆಕೆಳಗು ಮಾಡಿ ನೋಡಿದೆ. ಚಿತ್ರ ಕೆಟ್ಟಿಲ್ಲ. ದಯವಿಟ್ಟು ಅದನ್ನು ಫೈಲಿಗೆ ಸೇರಿಸಬೇಡಿ, ಮುಗಿಸಿ.

ನೀವು ಕೇಳಿರುವ ಪ್ರಶ್ನೆ ಹಲವು, ಆದರೆ ಆತಂಕ ಒಂದೇ: ಚೆನ್ನಾಗಿ ಬರುತ್ತಿದ್ದ ಚಿತ್ರವನ್ನು ನನ್ನ ಕೈಯಾರೆ ನಾನೇ ಹಾಳು ಮಾಡಿಬಿಟ್ಟೆನಾ? ಪೆನ್ಸಿಲ್ ಚಿತ್ರಕಲೆ ಹೇಳಿಕೊಡುವ ನನಗೆ ಇದು ತುಂಬ ಪರಿಚಯದ ಪ್ರಶ್ನೆ. ಯಾವಾಗಲೂ ಇದೇ ಹಂತದಲ್ಲೇ ಬರುತ್ತದೆ. ಕಣ್ಣು, ಮೂಗು ಮುಗಿದು, ಕೆನ್ನೆ, ಬಟ್ಟೆ, ಹಿನ್ನೆಲೆ ಬಾಕಿ ಇರುವಾಗ. ಕಾರಣ ಸರಳ. ಮೊದಲರ್ಧದಲ್ಲಿ ಕಾಗದ ಹೊಸದು, ಎಷ್ಟು ಗೀಚಿದರೂ ತಡೆದುಕೊಳ್ಳುತ್ತದೆ. ಎಲ್ಲ ಕಡೆ ಬಿಳಿ ಇರುವುದರಿಂದ ಯಾವ ಶೇಡ್ ಹಾಕಿದರೂ ಎದ್ದು ಕಾಣುತ್ತದೆ. ಕೊನೆಗೆ ಬಂದಾಗ ಈ ಎರಡೂ ಅನುಕೂಲ ಇರುವುದಿಲ್ಲ. ಕಾಗದ ತುಂಬಿರುತ್ತದೆ, ಒಂದು ಕಡೆ ಹಾಕಿದ ಕಪ್ಪು ಪಕ್ಕದ ಹತ್ತು ಶೇಡ್‌ಗಳನ್ನು ಬದಲಾಯಿಸಿಬಿಡುತ್ತದೆ. ಅಂದರೆ ಕೊನೆಯ ಹಂತ ಬೇರೆಯೇ ಒಂದು ಕೆಲಸ. ಅದನ್ನು ಕಲಿಯಲು ಆ ಹಂತಕ್ಕೆ ಹೋಗಲೇಬೇಕು. ಅರ್ಧಕ್ಕೆ ಬಿಟ್ಟ ಒಂದು ಫೈಲ್ ಚಿತ್ರಗಳಲ್ಲಿ ನೀವು ಕಣ್ಣು ಬಿಡಿಸುವುದನ್ನು ಮತ್ತೆ ಮತ್ತೆ ಕಲಿತಿದ್ದೀರಿ, ಅದಕ್ಕೇ ಈ ಚಿತ್ರದ ಕಣ್ಣುಗಳು ಅಷ್ಟು ಚೆನ್ನಾಗಿವೆ. ಕೋಟಿನ ಕಾಲರ್ ಕತ್ತಿನ ನೆರಳಿನಲ್ಲಿ ಎಲ್ಲಿ ಕರಗಬೇಕು, ಬಿಳಿ ಕೂದಲಿನ ಹಿಂದೆ ಎಷ್ಟು ಬೂದು ಬೇಕು, ಇದನ್ನು ಒಂದು ಸಲವೂ ಕಲಿಯಲು ಅವಕಾಶ ಆಗಿಲ್ಲ, ಅಷ್ಟೇ.

ಈಗ ಕೋಟಿನ ಹೊಳಪಿಗೆ ಬರೋಣ, ಯಾಕಂದರೆ ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ.

ಪೆನ್ಸಿಲ್ ನಂಬರ್ ಹೆಚ್ಚಾದಷ್ಟೂ ಕಪ್ಪು ಹೆಚ್ಚು, ಒತ್ತಿದಷ್ಟೂ ಇನ್ನೂ ಕಪ್ಪು, ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅರ್ಧ ನಿಜ. ಪೆನ್ಸಿಲ್ ಕಡ್ಡಿ ಗ್ರ್ಯಾಫೈಟ್ ಪುಡಿ ಮತ್ತು ಜೇಡಿಮಣ್ಣು ಸೇರಿಸಿ ಸುಟ್ಟದ್ದು. ಈ ವಿಧಾನಕ್ಕೆ ಫ್ರಾನ್ಸ್‌ನ ನಿಕೊಲಾ ಜಾಕ್ ಕಾಂಟೆ 1795ರಲ್ಲಿ ಪೇಟೆಂಟ್ ಪಡೆದ. ಜೇಡಿಮಣ್ಣು ಜಾಸ್ತಿ ಆದರೆ ಗಟ್ಟಿ, ತಿಳಿ ಗೆರೆ. ಅದು ಎಚ್ ಸಾಲು. ಗ್ರ್ಯಾಫೈಟ್ ಜಾಸ್ತಿ ಆದರೆ ಮೆತ್ತಗೆ, ದಟ್ಟ ಗೆರೆ; ಅದು ಬಿ ಸಾಲು. ನಿಮ್ಮ 8ಬಿಯಲ್ಲಿ ಗ್ರ್ಯಾಫೈಟ್ ಪಾಲು ತುಂಬಾ ಜಾಸ್ತಿ. ಗ್ರ್ಯಾಫೈಟ್ ಅಂದರೆ ಪದರ ಪದರವಾಗಿ ಜೋಡಿಸಿಕೊಂಡ ಕಾರ್ಬನ್. ಪದರಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಅದು ಜಾರಿಕೊಂಡು ಕಾಗದಕ್ಕೆ ಹತ್ತುತ್ತದೆ. ಒತ್ತಿ ತಿಕ್ಕಿದಾಗ ಆ ಚಪ್ಪಟೆ ಚೂರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿ ನಯವಾದ ಮೈ ಆಗುತ್ತದೆ. ನಯವಾದ ಮೈ ಬೆಳಕನ್ನು ನೇರ ವಾಪಸ್ ಕಳಿಸುತ್ತದೆ. ಅದೇ ಹೊಳಪು. ಕಪ್ಪಾಗಲಿ ಅಂತ ನೀವು ಹಾಕಿದ ಬಲವೇ ಕೋಟಿಗೆ ಪಾಲಿಶ್ ಹಾಕಿದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು: ಗ್ರ್ಯಾಫೈಟ್ ಯಾವತ್ತೂ ಪೂರ್ತಿ ಕಪ್ಪಲ್ಲ. ಅದರ ಕೊನೆಯ ಮಿತಿ ಕಡು ಬೂದು. ಫೋಟೋದಲ್ಲಿರುವ ಅಪ್ಪಟ ಕಪ್ಪನ್ನು ಅದರಿಂದ ತರಲು ಹೋದರೆ ಹೊಳಪೇ ಸಿಗುತ್ತದೆ. ನಿಮ್ಮ ಪೆನ್ಸಿಲ್ ಎಷ್ಟು ಕಡು ಹೋಗುತ್ತದೋ ಅದನ್ನೇ ಚಿತ್ರದ ಕಪ್ಪು ಅಂತ ಇಟ್ಟುಕೊಂಡು, ಉಳಿದ ಶೇಡ್‌ಗಳನ್ನೆಲ್ಲ ಅದಕ್ಕೆ ತಕ್ಕ ಹಾಗೆ ಒಂದೊಂದು ಮೆಟ್ಟಿಲು ತಿಳಿ ಮಾಡಬೇಕು. ಕಣ್ಣು ಹೋಲಿಸಿ ನೋಡುತ್ತದೆ. ಪಕ್ಕದಲ್ಲಿರುವ ಶೇಡ್ ಸರಿಯಾಗಿದ್ದರೆ ಕಡು ಬೂದೂ ಕಪ್ಪಾಗಿಯೇ ಕಾಣುತ್ತದೆ.

ಏನು ಮಾಡಬಹುದು? ಮೊದಲು ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಬೆಳಕು ಪಕ್ಕದಿಂದ ಬರುವ ಹಾಗೆ ಇಟ್ಟು, ಎದುರಿನಿಂದ ನೋಡಿ. ನೀವು ರಾತ್ರಿ ಮೇಜಿನ ಮೇಲೆ ಹಾಳೆ ಮಲಗಿಸಿ, ತಲೆ ಮೇಲಿನ ದೀಪದಲ್ಲಿ ಬಿಡಿಸುತ್ತೀರಿ ಅಂತ ಕಾಣುತ್ತದೆ. ಆ ಕೋನದಲ್ಲಿ ಹೊಳಪು ಅತಿ ಜಾಸ್ತಿ ಕಾಣುತ್ತದೆ. ಗೋಡೆಯ ಮೇಲೆ ನೋಡಿದಾಗ ಕೋಟು ಕಪ್ಪಾಗಿಯೇ ಕಂಡರೆ ಏನೂ ಮಾಡಬೇಡಿ.

ಆಗಲೂ ಹೊಳೆದರೆ, ನೀಡೆಡ್ ಇರೇಸರ್ ತಗೊಳ್ಳಿ, ಕೈಯಲ್ಲಿ ನಾದಿ ಬೇಕಾದ ಆಕಾರ ಮಾಡಿಕೊಳ್ಳುವ ಆ ಬೂದು ರಬ್ಬರ್. ಅದನ್ನು ಚಪ್ಪಟೆ ಮಾಡಿ ಕೋಟಿನ ಮೇಲೆ ಒತ್ತಿ, ಎತ್ತಿ. ಉಜ್ಜಬೇಡಿ. ಒತ್ತಿ, ಎತ್ತಿ, ಕೊಳೆಯಾದ ಭಾಗವನ್ನು ಒಳಗೆ ಮಡಚಿ, ಮತ್ತೆ ಒತ್ತಿ. ಮೇಲಿನ ಪಾಲಿಶ್ ಆದ ಪದರ ಸ್ವಲ್ಪ ಏಳುತ್ತದೆ, ಕೋಟು ಮಬ್ಬು ಬೂದಾಗುತ್ತದೆ. ಗಾಬರಿ ಆಗಬೇಡಿ. ಈಗ 8ಬಿ ಅಲ್ಲ, ಚೂಪು ಮಾಡಿದ 2ಬಿ ಅಥವಾ 4ಬಿ ತಗೊಂಡು, ಪೆನ್ಸಿಲ್‌ನ ಭಾರ ಮಾತ್ರ ಬೀಳುವಷ್ಟು ಹಗುರವಾಗಿ ಒಂದು ದಿಕ್ಕಿನಲ್ಲಿ ಗೆರೆ ಹಾಕಿ. ಅದರ ಮೇಲೆ ಓರೆಯಾಗಿ ಇನ್ನೊಂದು ಸುತ್ತು, ಬೇಕಾದರೆ ಮೂರನೆಯದು. ಚೂಪು ಮೊನೆ ಕಾಗದದ ತರಿಗಳ ನಡುವಿನ ತಗ್ಗಿಗೆ ಇಳಿಯುತ್ತದೆ, ಮೊಂಡು 8ಬಿ ಮೇಲಿನ ದಿಣ್ಣೆಗಳನ್ನೇ ತಿಕ್ಕುತ್ತದೆ. ಕಪ್ಪು ಬರುವುದು ತಗ್ಗು ತುಂಬಿದಾಗ. ಇದಕ್ಕೆ ಸಮಯ ಹಿಡಿಯುತ್ತದೆ, ಬೇರೆ ದಾರಿ ಇಲ್ಲ.

ಕಾರ್ಬನ್ ಸೇರಿಸಿದ ಮ್ಯಾಟ್, ಅಂದರೆ ಹೊಳೆಯದ ಪೆನ್ಸಿಲ್‌ಗಳು ಬರುತ್ತವೆ, ಸ್ಟೆಡ್ಲರ್‌ನ ಮಾರ್ಸ್ ಲ್ಯೂಮೋಗ್ರಾಫ್ ಬ್ಲ್ಯಾಕ್ ಅಂಥದ್ದು. ಫೇಬರ್ ಕ್ಯಾಸ್ಟೆಲ್‌ನ ಪಿಟ್ ಗ್ರ್ಯಾಫೈಟ್ ಮ್ಯಾಟ್‌ನ ಕೆಲಸವೂ ಹೊಳಪು ಕಡಿಮೆ ಮಾಡುವುದೇ. ಒಳ್ಳೆಯವೇ. ಆದರೆ ಈಗಾಗಲೇ ಜಾರುವಷ್ಟು ನಯವಾದ ಗ್ರ್ಯಾಫೈಟ್ ಮೇಲೆ ಅವು ಸರಿಯಾಗಿ ಕೂರುವುದಿಲ್ಲ, ತೇಪೆ ತೇಪೆ ಕಾಣುತ್ತದೆ. ಬಣ್ಣದ ಛಾಯೆಯೂ ಬೇರೆ. ಕೋಟಿಗೆ ಮಾತ್ರ ಹಾಕಿ ಕಣ್ಣಿನ ಪಾಪೆಗೆ, ಕನ್ನಡಕದ ಫ್ರೇಮಿಗೆ ಹಾಕದಿದ್ದರೆ, ಕೋಟು ಬೇರೆ ಚಿತ್ರದಿಂದ ತಂದು ಅಂಟಿಸಿದ ಹಾಗಿರುತ್ತದೆ. ಮುಂದಿನ ಚಿತ್ರದಲ್ಲಿ ಮೊದಲಿನಿಂದಲೇ ಬಳಸಿ. ಈ ಚಿತ್ರಕ್ಕೆ ಬೇಡ.

ಇನ್ನು ಕೆನ್ನೆ. ಬೆರಳಿಂದ ಉಜ್ಜುವುದು ಮಹಾಪಾಪ ಅಂತ ಕೆಲವರು, ಅದೇ ಗುಟ್ಟು ಅಂತ ಕೆಲವರು. ಎರಡೂ ಅತಿ. ಬೆರಳಿನ ತೊಂದರೆ ಏನೆಂದರೆ ಚರ್ಮದ ಎಣ್ಣೆ. ಅದು ಕಾಗದಕ್ಕೆ ಹತ್ತಿ, ಆ ಜಾಗದಲ್ಲಿ ಗ್ರ್ಯಾಫೈಟ್ ಅಂಟಿ ಕೂರುತ್ತದೆ, ಆಮೇಲೆ ರಬ್ಬರ್‌ಗೂ ಏಳುವುದಿಲ್ಲ. ನಿಮ್ಮ ಚಿತ್ರದಲ್ಲಿ ಎಡಗೆನ್ನೆಯ ಕೆಳಗೆ ದುಂಡನೆಯ ಎರಡು ಕಡು ಮಚ್ಚೆಗಳಿವೆ ನೋಡಿ, ಅವು ಬೆರಳಿನ ಗುರುತೇ ಇರಬೇಕು. ಟಿಶ್ಯೂ, ಸ್ಟಂಪ್ ಅನ್ನುವ ಬಿಗಿಯಾಗಿ ಸುತ್ತಿದ ಕಾಗದದ ಕಡ್ಡಿ, ಮೆತ್ತನೆಯ ಬ್ರಷ್, ಇವುಗಳಲ್ಲಿ ಎಣ್ಣೆ ಇಲ್ಲ. ಆದರೆ ಯಾವುದರಿಂದ ಉಜ್ಜಿದರೂ ಒಂದು ಸಂಗತಿ ಮಾತ್ರ ಆಗೇ ಆಗುತ್ತದೆ: ಕಡು ಇದ್ದದ್ದು ಸ್ವಲ್ಪ ತಿಳಿಯಾಗಿ, ತಿಳಿ ಇದ್ದದ್ದು ಸ್ವಲ್ಪ ಕಡುವಾಗಿ, ಎರಡೂ ಮಧ್ಯದ ಕಡೆ ಸರಿಯುತ್ತವೆ. ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದರೆ ಎಲ್ಲ ಒಂದೇ ಆಗುತ್ತದೆ. ಕೆನ್ನೆ ನುಣುಪಾಯಿತು ನಿಜ, ಜೊತೆಗೆ ಚಪ್ಪಟೆಯೂ ಆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಚರ್ಮ ಚರ್ಮದ ಹಾಗೆ ಕಾಣುವುದು ನುಣುಪಿನಿಂದ ಅಂತ ನಾವು ಅಂದುಕೊಳ್ಳುತ್ತೇವೆ. ವಯಸ್ಸಾದವರ ಮುಖದಲ್ಲಂತೂ ಅದು ಸುಳ್ಳು. ಕೆನ್ನೆ ದುಂಡಗೆ ಕಾಣುವುದು ಬೆಳಕು ಬಿದ್ದ ಜಾಗ, ಅದು ತಿರುಗಿ ನೆರಳಿಗೆ ಹೋಗುವ ಜಾಗ, ನೆರಳಿನೊಳಗೆ ಕೋಟಿನಿಂದಲೋ ಕಾಲರಿನಿಂದಲೋ ವಾಪಸ್ ಬಂದ ಸಣ್ಣ ಬೆಳಕು, ಈ ಮೂರರ ವ್ಯತ್ಯಾಸ ಉಳಿದಿದ್ದರೆ. ಪೆನ್ಸಿಲ್ ಗೆರೆ ಅಲ್ಲಲ್ಲಿ ಕಂಡರೆ ಏನೂ ನಷ್ಟವಿಲ್ಲ. ತಾತನ ಕೆನ್ನೆಯ ಮೂಳೆ ಎಲ್ಲಿದೆ ಅನ್ನುವುದು ಗೊತ್ತಾಗದಿದ್ದರೆ ನಷ್ಟ.

ಸರಿ ಮಾಡುವುದು ಹೀಗೆ. ಅದೇ ನೀಡೆಡ್ ಇರೇಸರನ್ನು ಈಗ ಚೂಪಾಗಿ ಹಿಸುಕಿ, ಫೋಟೋ ನೋಡುತ್ತಾ, ಬೆಳಕು ಜಾಸ್ತಿ ಇರುವ ಜಾಗಗಳಿಂದ ಗ್ರ್ಯಾಫೈಟ್ ಎತ್ತಿ. ಹಣೆಯ ಎಡಭಾಗ, ಕೆನ್ನೆ ಮೂಳೆಯ ಮೇಲೆ, ಮೂಗಿನ ತುದಿ, ಕೆಳತುಟಿಯ ಒಂದು ಚೂರು. ಒಂದು ಜಾಗದಲ್ಲಿ ಎರಡು ಸಲ ತಾಗಿಸಿ, ದೂರ ಹೋಗಿ ನೋಡಿ, ಸಾಲದಿದ್ದರೆ ಮತ್ತೆ. ಬಿಳಿ ಪೂರ್ತಿ ವಾಪಸ್ ಬರುವುದಿಲ್ಲ, ಟಿಶ್ಯೂ ಒತ್ತಡಕ್ಕೆ ಪುಡಿ ಕಾಗದದ ಒಳಗೆ ಹೋಗಿರುತ್ತದೆ. ಬರಬೇಕಾಗಿಯೂ ಇಲ್ಲ. ನಿಮ್ಮ ಫೋಟೋದಲ್ಲಿ ಅಪ್ಪಟ ಬಿಳಿ ಇರುವುದು ಕನ್ನಡಕದ ಗಾಜಿನ ಮೇಲಿನ ಹೊಳಪಿನಲ್ಲಿ ಮತ್ತು ಶರ್ಟಿನ ಕಾಲರಿನಲ್ಲಿ ಮಾತ್ರ. ಕೆನ್ನೆಯ ಬೆಳಕು ಅವೆರಡಕ್ಕಿಂತ ಒಂದು ಮೆಟ್ಟಿಲು ಕಡಿಮೆಯೇ ಇದೆ, ಹಾಗೇ ಇರಲಿ. ಆಮೇಲೆ ಎಚ್‌ಬಿ ಪೆನ್ಸಿಲ್‌ನಲ್ಲಿ ಕೆನ್ನೆ ತಿರುಗುವ ಕಡೆ, ಮೂಗಿನ ಪಕ್ಕದ ಮಡಿಕೆಯಲ್ಲಿ, ದವಡೆಯ ಕೆಳಗೆ ಸ್ವಲ್ಪ ಕಡು ಸೇರಿಸಿ. ಎತ್ತುವುದು ಅರ್ಧ, ಸೇರಿಸುವುದು ಅರ್ಧ. ಬರೀ ಎತ್ತುತ್ತಾ ಹೋದರೆ ಮುಖ ಬಿಳಿಚಿಕೊಳ್ಳುತ್ತದೆ.

ಬಿಳಿ ಪ್ಲಾಸ್ಟಿಕ್ ರಬ್ಬರ್ ಈ ಜಾಗಕ್ಕೆ ಬೇಡ. ಅದು ಚೆನ್ನಾಗಿ ಅಳಿಸುತ್ತದೆ, ಆದರೆ ಜೋರಾಗಿ ತಿಕ್ಕಿದರೆ ಕಾಗದದ ನಾರು ಎದ್ದು ನಿಲ್ಲುತ್ತದೆ. ಎದ್ದ ನಾರಿನ ಮೇಲೆ ಮತ್ತೆ ಪೆನ್ಸಿಲ್ ತಾಗಿದರೆ ಕಪ್ಪು ಕಲೆಯಾಗುತ್ತದೆ, ಅದಕ್ಕೆ ಪರಿಹಾರವೇ ಇಲ್ಲ. ಆ ದುಂಡು ಮಚ್ಚೆಗಳೂ ಪೂರ್ತಿ ಹೋಗಲಿಕ್ಕಿಲ್ಲ. ಅವುಗಳ ಸುತ್ತ ಎಚ್‌ಬಿಯಿಂದ ಸ್ವಲ್ಪ ಸೇರಿಸಿ, ಗಡ್ಡದ ಕುರುಚಲಿನ ನೆರಳಿನೊಳಗೆ ಸೇರಿಸಿಬಿಡಿ. ಫೋಟೋದಲ್ಲಿ ಆ ಜಾಗದಲ್ಲಿ ಕುರುಚಲು ಹೇಗೂ ಇದೆ.

ಶೇಡ್ ಸರಿಯಾಗಿದೆಯಾ ಅಂತ ನೋಡುವುದಕ್ಕೆ ಫೋನ್ ಒಳ್ಳೆಯ ಸಾಧನ. ಮೂಲ ಫೋಟೋ ಮತ್ತು ಚಿತ್ರ ಎರಡನ್ನೂ ಕಪ್ಪು ಬಿಳುಪು ಮಾಡಿ, ಅಕ್ಕಪಕ್ಕ ಇಟ್ಟು, ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಕಣ್ಣು ಅರೆಮುಚ್ಚಿ ನೋಡುವ ಹಳೆಯ ಅಭ್ಯಾಸದ ಕೆಲಸವೂ ಇದೇ, ಸಣ್ಣ ವಿವರ ಮರೆಯಾಗಿ ದೊಡ್ಡ ಶೇಡ್ ಮಾತ್ರ ಉಳಿಯುತ್ತದೆ. ಒಂದು ಎಚ್ಚರಿಕೆ: ಫೋನ್ ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸಿಕೊಂಡು ಬಿಳಿ ಹಾಳೆಯನ್ನು ಬೂದು ಮಾಡುತ್ತದೆ. ಹಾಗಾಗಿ ಪಕ್ಕದಲ್ಲಿ ಖಾಲಿ ಬಿಳಿ ಕಾಗದದ ಒಂದು ತುಂಡು ಇಟ್ಟು ತೆಗೆಯಿರಿ, ಆ ತುಂಡು ಬಿಳಿಯಾಗಿ ಕಾಣುವ ತನಕ ಬೆಳಕು ಹೆಚ್ಚಿಸಿ. ಇಲ್ಲದಿದ್ದರೆ ಇಲ್ಲದ ತೊಂದರೆ ಸರಿ ಮಾಡಲು ಹೋಗುತ್ತೀರಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಕಂಡ ಒಂದು ವಿಷಯ ಇದೆ. ಅಂಚುಗಳು. ಮುಖದ ಸುತ್ತ, ಕೋಟಿನ ಸುತ್ತ, ಕಿವಿಯ ಸುತ್ತ, ಎಲ್ಲ ಕಡೆ ಒಂದೇ ದಪ್ಪದ ಗೆರೆ ಹಾಗೇ ಉಳಿದಿದೆ. ಇದು ಮೊದಲ ದಿನ ಹಾಕಿದ ಔಟ್‌ಲೈನ್. ಅದು ಜಾಗ ಗುರುತು ಮಾಡಿಕೊಳ್ಳಲು ಬೇಕಿತ್ತು, ಅದರ ಕೆಲಸ ಮುಗಿದಿದೆ. ಫೋಟೋವನ್ನೇ ನೋಡಿ: ತಾತನ ಬಲಕಿವಿಯ ಹಿಂದಿನ ಕೂದಲಿಗೆ ಗೆರೆಯೇ ಇಲ್ಲ, ಅದು ಹಿನ್ನೆಲೆಯೊಳಗೆ ಹಾಗೇ ಸೇರಿಹೋಗಿದೆ. ಕತ್ತಿನ ನೆರಳು ಮತ್ತು ಕೋಟಿನ ಕಾಲರ್ ಒಂದೇ ಕಪ್ಪು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಬಿಳಿ ಶರ್ಟಿನ ಕಾಲರ್ ಕೋಟಿಗೆ ತಾಗುವ ಕಡೆ ಮಾತ್ರ ಬ್ಲೇಡಿನಲ್ಲಿ ಕತ್ತರಿಸಿದಷ್ಟು ಚೂಪು. ಒಂದು ಚಿತ್ರದಲ್ಲಿ ಈ ಮೂರೂ ಬೇಕು: ಚೂಪು ಅಂಚು, ಮೆತ್ತನೆ ಅಂಚು, ಕಳೆದುಹೋದ ಅಂಚು. ಎಲ್ಲವೂ ಚೂಪಾದರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ, ಶೇಡಿಂಗ್ ಎಷ್ಟೇ ಚೆನ್ನಾಗಿದ್ದರೂ. ಒಂದು ಸಂಜೆ ಬರೀ ಇದಕ್ಕೇ ಕೊಡಿ. ಅಂಚಿನ ಉದ್ದಕ್ಕೂ ನಿಧಾನವಾಗಿ ಹೋಗುತ್ತಾ, ಪ್ರತಿ ಎರಡು ಬೆರಳಿಗೆ ಒಂದು ಸಲ ನಿಂತು, ಇಲ್ಲಿ ಎರಡೂ ಬದಿಯ ಶೇಡ್‌ಗೆ ಎಷ್ಟು ವ್ಯತ್ಯಾಸ ಇದೆ ಅಂತ ಫೋಟೋ ನೋಡಿ. ವ್ಯತ್ಯಾಸ ಕಡಿಮೆ ಇದ್ದ ಕಡೆ ಗೆರೆಯನ್ನು ಇರೇಸರ್‌ನಿಂದ ಎತ್ತಿ, ಇಲ್ಲವೇ ಪಕ್ಕದ ಶೇಡನ್ನೇ ಅದರ ಮೇಲೆ ಹಾಯಿಸಿ. ಕೊನೆಯ ಹಂತದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಬದಲಾವಣೆ ಕೊಡುವ ಕೆಲಸ ನನಗೆ ಗೊತ್ತಿರುವ ಹಾಗೆ ಇನ್ನೊಂದಿಲ್ಲ.

ಹಿನ್ನೆಲೆಯ ಕಲೆಗಳಿಗೂ ಉತ್ತರ ಇಲ್ಲೇ ಇದೆ. ತಾತನ ಕೂದಲು ಬಿಳಿ, ಹಿನ್ನೆಲೆಯೂ ಬಿಳಿ. ಕೂದಲು ಕಾಣಲಿ ಅಂತಲೇ ಅಲ್ವಾ ನೀವು ಅದರ ಸುತ್ತ ಗೆರೆ ಹಾಕಬೇಕಾಗಿ ಬಂದದ್ದು? ಬೆಳಕು ಬೀಳುವ ಎಡಗಡೆ, ತಲೆಯ ಹಿಂದೆ, ಒಂದು ತಿಳಿ ಬೂದು ಹಾಕಿ. ಗೆರೆ ಇಲ್ಲದೆ ಕೂದಲು ಎದ್ದು ಬರುತ್ತದೆ, ಕಲೆಗಳೂ ಅದರೊಳಗೆ ಮುಚ್ಚಿಹೋಗುತ್ತವೆ. ಅಪಾಯ ಏನೆಂದರೆ ದೊಡ್ಡ ಜಾಗದಲ್ಲಿ ಒಂದೇ ಸಮನಾದ ಬೂದು ತರುವುದು ಪೆನ್ಸಿಲ್‌ನಲ್ಲಿ ಬಹಳ ಕಷ್ಟ, ಪಟ್ಟೆ ಬೀಳುತ್ತದೆ. ಹಾಗಾಗಿ ಸಮನಾಗಿ ತುಂಬಲು ಹೋಗಬೇಡಿ. ಎಚ್‌ಬಿಯಲ್ಲಿ ಓರೆ ಗೆರೆಗಳನ್ನು ಬಿಡಿಬಿಡಿಯಾಗಿ ಹಾಕಿ, ತಲೆಯ ಹತ್ತಿರ ದಟ್ಟ, ದೂರ ಹೋದ ಹಾಗೆ ವಿರಳ ಮಾಡಿ, ಹಾಳೆಯ ಅಂಚು ಮುಟ್ಟುವ ಮೊದಲೇ ನಿಲ್ಲಿಸಿ. ಬಲಗಡೆಯ ಕಲೆಗಳು ಹಗುರವಾಗಿವೆ, ಅವಕ್ಕೆ ಇರೇಸರ್ ಸಾಕು.

ಕೈ ತಾಗಿ ಕಲೆ ಆಗುವುದು ನಿಲ್ಲಬೇಕಾದರೆ ಕೈ ಕೆಳಗೆ ಸದಾ ಒಂದು ಸ್ವಚ್ಛ ಕಾಗದ ಇರಲಿ. ಅದನ್ನು ಎಳೆಯಬೇಡಿ, ಎತ್ತಿ ಇಡಿ. ರಬ್ಬರ್ ಪುಡಿಯನ್ನು ಕೈಯಿಂದ ಒರೆಸಬೇಡಿ, ಬಾಯಿಂದ ಊದಲೂ ಬೇಡಿ, ಎಂಜಲಿನ ಸಣ್ಣ ಹನಿ ಬಿದ್ದರೆ ಆ ಜಾಗದಲ್ಲಿ ಶೇಡ್ ಮಚ್ಚೆಯಾಗುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು.

ಹೇರ್ ಸ್ಪ್ರೇ ವಿಷಯಕ್ಕೆ ನನ್ನ ಉತ್ತರ ಒಂದೇ: ಬೇಡ. ಅದು ಕೂದಲಿಗೆ ಮಾಡಿದ್ದು, ಕಾಗದಕ್ಕಲ್ಲ. ಕಾಲ ಕಳೆದ ಹಾಗೆ ಹಳದಿಯಾಗಬಹುದು, ಅಂಟು ಉಳಿದು ಧೂಳು ಹಿಡಿಯಬಹುದು, ದಪ್ಪ ಹನಿ ಬಿದ್ದರೆ ಕಲೆ ಗ್ಯಾರಂಟಿ. ಚಿತ್ರಗಳಿಗೆಂದೇ ಮಾಡಿದ ಫಿಕ್ಸೆಟಿವ್, ಅಂದರೆ ಪುಡಿ ಉದುರದ ಹಾಗೆ ಕಾಗದಕ್ಕೆ ಹಿಡಿದಿಡುವ ಸ್ಪ್ರೇ, ಸಿಗುತ್ತದೆ. ಅದರಲ್ಲಿ ಎರಡು ಬಗೆ. ವರ್ಕಬಲ್ ಅಂದರೆ ಹೊಡೆದ ಮೇಲೂ ಮೇಲೆ ಕೆಲಸ ಮಾಡಬಹುದಾದದ್ದು, ಫೈನಲ್ ಅಂದರೆ ಎಲ್ಲ ಮುಗಿದ ಮೇಲೆ ಹೊಡೆಯುವಂಥದ್ದು. ವರ್ಕಬಲ್ ಹೊಡೆದರೆ ಹೊಳಪು ಸ್ವಲ್ಪ ತಗ್ಗುತ್ತದೆ, ಕಾಗದಕ್ಕೆ ಸ್ವಲ್ಪ ತರಿ ವಾಪಸ್ ಬರುತ್ತದೆ, ಅದು ನಿಜ. ಆದರೆ ಶೇಡ್‌ಗಳು ಒಂದಿಷ್ಟು ಕಡುವಾಗಬಹುದು, ಮತ್ತು ಒಮ್ಮೆ ಹೊಡೆದರೆ ಕೆಳಗಿನದ್ದನ್ನು ಎತ್ತುವುದು ಹೆಚ್ಚುಕಮ್ಮಿ ಆಗುವುದೇ ಇಲ್ಲ. ನಿಮ್ಮ ಕೆನ್ನೆಯ ಅರ್ಧ ಕೆಲಸ ಎತ್ತುವುದೇ ಆಗಿರುವುದರಿಂದ ಈಗ ಹೊಡೆದರೆ ಆ ದಾರಿ ಮುಚ್ಚಿಹೋಗುತ್ತದೆ. ಎಲ್ಲ ಮುಗಿದ ಮೇಲೂ, ಗಾಜು ಹಾಕಿ ಫ್ರೇಮ್ ಮಾಡಿಸುವ ಪೆನ್ಸಿಲ್ ಚಿತ್ರಕ್ಕೆ ನಾನು ಫಿಕ್ಸೆಟಿವ್ ಹೊಡೆಯುವುದಿಲ್ಲ. ಇದ್ದಿಲಿನ ಚಿತ್ರದಷ್ಟು ಸುಲಭಕ್ಕೆ ಗ್ರ್ಯಾಫೈಟ್ ಉದುರುವುದಿಲ್ಲ. ಫೈಲಿನಲ್ಲಿ ಇಡುವುದಾದರೆ ಮೇಲೆ ಒಂದು ಗ್ಲಾಸೀನ್ ಹಾಳೆ, ಅಂದರೆ ನಯವಾದ ತೆಳು ಅರೆಪಾರದರ್ಶಕ ಕಾಗದ, ಮುಚ್ಚಿ. ಹೊಡೆಯಲೇಬೇಕು ಅಂತಿದ್ದರೆ, ಅದೇ ಕಾಗದದ ತುಂಡಿನ ಮೇಲೆ ಅದೇ ಪೆನ್ಸಿಲ್‌ನಲ್ಲಿ ಗೀಚಿ ಮೊದಲು ಪರೀಕ್ಷೆ ಮಾಡಿ. ಮನೆಯೊಳಗೆ ಬೇಡ, ಗಾಳಿ ಆಡುವ ಕಡೆ, ಮಾಸ್ಕ್ ಹಾಕಿಕೊಂಡು, ಸುಮಾರು 30 ಸೆಂಟಿಮೀಟರ್ ದೂರದಿಂದ. ಸ್ಪ್ರೇಯನ್ನು ಹಾಳೆಯ ಹೊರಗೆ ಶುರು ಮಾಡಿ, ಹಾಯಿಸಿ, ಹೊರಗೇ ನಿಲ್ಲಿಸಿ. ತೆಳುವಾಗಿ ಒಂದು ಸುತ್ತು, ಒಣಗಿದ ಮೇಲೆ ಇನ್ನೊಂದು.

ಹೊಸದಾಗಿ ಶುರು ಮಾಡು ಅಂತ ಹೇಳಿದವರ ಮಾತು ಕೆಲವು ಸಲ ಸರಿಯೇ. ಕಾಗದದ ಮೈ ಹರಿದು ನಾರು ಎದ್ದಿದ್ದರೆ, ಅಥವಾ ಮುಖದ ಅಳತೆಯೇ ತಪ್ಪಿದ್ದರೆ, ಶೇಡಿಂಗ್ ಏನೂ ಮಾಡಲಾರದು. ಒಂದು ಕಣ್ಣು ಮೇಲೆ ಒಂದು ಕೆಳಗೆ ಇದ್ದರೆ ಎಷ್ಟು ಚೆನ್ನಾಗಿ ಶೇಡ್ ಮಾಡಿದರೂ ಅದು ಹಾಗೇ ಇರುತ್ತದೆ. ನಿಮ್ಮದರಲ್ಲಿ ಹಾಗಿಲ್ಲ, ತಲೆಕೆಳಗು ಮಾಡಿ ನೋಡಿದ್ದು ಅದಕ್ಕೇ. ಕನ್ನಡಕದ ಎಡ ಕಾಲು ಸ್ವಲ್ಪ ಕೆಳಗಿದೆ, ಅಷ್ಟೇ, ಬಿಟ್ಟುಬಿಡಿ. ಹೊಸ ಹಾಳೆಯಲ್ಲಿ ಶುರು ಮಾಡಿದರೆ ಏನಾಗುತ್ತದೆ ಗೊತ್ತಾ? ಕಣ್ಣು, ಮೂಗು ಮತ್ತೆ ಚೆನ್ನಾಗಿ ಬರುತ್ತದೆ. ಆಮೇಲೆ ಇದೇ ಕೆನ್ನೆ, ಇದೇ ಕೋಟಿನ ಹತ್ತಿರ ಮತ್ತೆ ಬಂದು ನಿಲ್ಲುತ್ತೀರಿ. ಮೊದಲು ಇದನ್ನು ಮುಗಿಸಿ. ಅದಾದ ಮೇಲೆ ಇದೇ ಫೋಟೋ ಇಟ್ಟುಕೊಂಡು ಎರಡನೆಯದು ಬಿಡಿಸುವುದಾದರೆ ಖಂಡಿತ ಬಿಡಿಸಿ, ಆದರೆ ಎ3 ಬೇಡ, ಎ5 ಸಾಕು. ಚಿಕ್ಕ ಚಿತ್ರ ಬೇಗ ಮುಗಿಯುತ್ತದೆ, ಕೊನೆಯ ಹಂತದ ಅಭ್ಯಾಸ ಅಷ್ಟು ಸಲ ಸಿಗುತ್ತದೆ. ಆಗ ಮೊದಲ ದಿನವೇ ಕೋಟಿನ ಒಂದು ಮೂಲೆಯಲ್ಲಿ ಅತಿ ಕಡು ಶೇಡ್ ಹಾಕಿಟ್ಟುಕೊಳ್ಳಿ. ಕೆನ್ನೆಯ ಬೂದು ಎಷ್ಟಿರಬೇಕು ಅಂತ ಅದರ ಜೊತೆ ಹೋಲಿಸಬಹುದು, ಬಿಳಿ ಹಾಳೆಯ ಜೊತೆ ಅಲ್ಲ.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಎಲ್ಲ ಜಾಗಕ್ಕೂ ಒಂದೇ ಸಮನಾದ ವಿವರ ತುಂಬಿದಾಗ ಮುಗಿಯುತ್ತದೆ ಅನ್ನುವುದು ತಪ್ಪು. ಫ್ರಾನ್ಸ್‌ನ ಕಲಾವಿದ ಆ್ಯಂಗ್ರ 1800ರ ನಂತರದ ವರ್ಷಗಳಲ್ಲಿ ರೋಮ್‌ನಲ್ಲಿದ್ದಾಗ ಪೆನ್ಸಿಲ್‌ನಲ್ಲಿ ಬಿಡಿಸಿದ ಭಾವಚಿತ್ರಗಳನ್ನು ಹುಡುಕಿ ನೋಡಿ. ಮುಖದಲ್ಲಿ ಒಂದೊಂದು ಶೇಡೂ ಅತ್ಯಂತ ನಾಜೂಕು. ಕೋಟು, ಗೌನು, ಕುರ್ಚಿ ಮಾತ್ರ ಬರೀ ಗೆರೆಗಳು, ಕೆಲವು ಕಡೆ ಒಂದೇ ಗೆರೆ. ಅವು ಅರ್ಧಂಬರ್ಧ ಅಂತ ಯಾರಿಗೂ ಅನ್ನಿಸುವುದಿಲ್ಲ, ಯಾಕಂದರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಆತ ತೀರ್ಮಾನ ಮಾಡಿದ್ದ. ನಿಮ್ಮ ಚಿತ್ರದಲ್ಲಿ ಅದು ಕನ್ನಡಕದ ಹಿಂದಿನ ಕಣ್ಣುಗಳು. ಹಾಗಾದರೆ ಕೋಟಿನ ಪ್ರತಿ ಗುಂಡಿ, ಪ್ರತಿ ಹೊಲಿಗೆ ಬೇಕಾಗಿಲ್ಲ. ಎದೆಯಿಂದ ಕೆಳಗೆ ಕೋಟನ್ನು ಇನ್ನೂ ತುಂಬಿಲ್ಲವಲ್ಲ, ಅದನ್ನು ತುಂಬಲೇಬೇಡಿ. ಗೆರೆಗಳು ಹಾಗೇ ವಿರಳವಾಗಿ ಇಳಿದು ಹೋಗಲಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ಚಿತ್ರವನ್ನು ಕಣ್ಣಿಗೆ ಬೀಳದ ಹಾಗೆ ಎರಡು ಮೂರು ದಿನ ಎತ್ತಿಡುತ್ತೇನೆ. ಮತ್ತೆ ತೆಗೆದಾಗ, ಪೆನ್ಸಿಲ್ ಮುಟ್ಟುವ ಮೊದಲು, ಕೋಣೆಯ ಆಚೆ ತುದಿಯಿಂದ ನೋಡಿ, ಕಣ್ಣಿಗೆ ಚುಚ್ಚುವ ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಬರೆದದ್ದನ್ನು ಮಾತ್ರ ಸರಿ ಮಾಡುತ್ತೇನೆ. ಕೆಲಸದ ನಡುವೆ ಹೊಸದಾಗಿ ಏನಾದರೂ ಕಂಡರೆ ಅದು ಚೀಟಿಗೆ ಹೋಗುವುದಿಲ್ಲ, ಮುಂದಿನ ಚಿತ್ರಕ್ಕೆ ಹೋಗುತ್ತದೆ. ಚೀಟಿ ಖಾಲಿಯಾದರೆ ಚಿತ್ರ ಮುಗಿಯಿತು. ನಿಮ್ಮ ಚೀಟಿಯನ್ನು ಈ ಸಲ ನಾನೇ ಬರೆದುಕೊಡುತ್ತೇನೆ: ಕೆನ್ನೆಯ ಬೆಳಕು, ಕೋಟಿನ ಹೊಳಪು, ಅಂಚುಗಳು, ಎಡಗಡೆ ಹಿನ್ನೆಲೆ. ಇದೇ ಕ್ರಮದಲ್ಲಿ ಬೇಡ, ಮೊದಲು ಹಿನ್ನೆಲೆ ಮತ್ತು ಕೋಟು, ಆಮೇಲೆ ಕೆನ್ನೆ, ಕೊನೆಗೆ ಅಂಚು. ಸುತ್ತಲಿನ ಶೇಡ್ ನಿಂತ ಮೇಲೆ ಕೆನ್ನೆಯಿಂದ ಎಷ್ಟು ಎತ್ತಬೇಕು ಅನ್ನುವುದು ಸರಿಯಾಗಿ ಕಾಣುತ್ತದೆ. ಈಗಲೇ ಎತ್ತಿದರೆ ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಬಿಡುತ್ತೀರಿ.

ಫ್ರೇಮ್ ಹಾಕಿಸುವಾಗ ಗಾಜು ನೇರ ಚಿತ್ರಕ್ಕೆ ತಾಗಬಾರದು, ನಡುವೆ ದಪ್ಪ ಮೌಂಟ್ ಬೋರ್ಡ್, ಅಂದರೆ ಚಿತ್ರ ಕಾಣುವಷ್ಟು ನಡುವೆ ಕಿಟಕಿ ಕತ್ತರಿಸಿದ ರಟ್ಟು, ಇರಲಿ, ಅದೂ ಆಸಿಡ್ ಇಲ್ಲದ್ದು. ಗ್ರ್ಯಾಫೈಟ್ ಕಾರ್ಬನ್ ಆದ್ದರಿಂದ ಬಿಸಿಲಿಗೆ ಮಾಸುವುದಿಲ್ಲ, ಕಾಗದ ಮಾತ್ರ ಹಳದಿಯಾಗುತ್ತದೆ. ನೇರ ಬಿಸಿಲು ಬೀಳದ ಗೋಡೆ ನೋಡಿ ಹಾಕಿ. ಕಿಟಕಿಯ ಎದುರು ಗೋಡೆಯೂ ಬೇಡ, ಗಾಜಿನ ಪ್ರತಿಫಲನದ ಜೊತೆ ಕೋಟಿನ ಹೊಳಪೂ ಸೇರಿಕೊಳ್ಳುತ್ತದೆ. ಬೆಳಕು ಪಕ್ಕದಿಂದ ಬರುವ ಗೋಡೆ ಒಳ್ಳೆಯದು. ಹೆಸರು, ತಾರೀಕು ಹಿಂಬದಿಯಲ್ಲಿ ಬರೆಯುವುದಾದರೆ ಫ್ರೇಮಿಗೆ ಕೊಡುವ ಮೊದಲೇ, ಮುಂಬದಿಯಲ್ಲಿ ಶೇಡ್ ಇಲ್ಲದ ಮೂಲೆ ನೋಡಿ, ಅದರ ಹಿಂದೆ 2ಬಿಯಲ್ಲಿ ಹಗುರವಾಗಿ ಬರೆಯಿರಿ. ಬಾಲ್ ಪೆನ್ ಒತ್ತಿದರೆ ಗುರುತು ಮುಂಬದಿಗೆ ಮೂಡುತ್ತದೆ.